ಹಳೆಯ ನಗೆಯ ಹಳಹಳಿಕೆ

ಇಂಗ್ಲಿಷಿನ 'ನಾಸ್ಟಾಲ್ಜಿಯ' ಎಂಬ ಮಾತಿಗೆ ಕನ್ನಡದಲ್ಲಿ ಯಾವ ಪದ ಒಪ್ಪುತ್ತದೆ ಎಂದು ಯಾರಾದರೂ ಕೇಳಿದರೆ ನಾನು 'ಹಳಹಳಿಕೆ' ಎನ್ನುತ್ತೇನೆ. ಇಂಗ್ಲಿಷ್ ಪದ ಹುಟ್ಟಿದ್ದು ಕವಿಗಳ ಮನೆಯಲ್ಲಲ್ಲ, ವೈದ್ಯರ ಮನೆಯಲ್ಲಿ. ಊರು ಬಿಟ್ಟು ದೂರ ಹೋದ ಸ್ವಿಸ್ ಜನರನ್ನು ಕಾಡುತ್ತಿದ್ದ ಒಂದು ಬೇನೆಗೆ ಹೆಸರಿಡಲು 1688ರಲ್ಲಿ ಯೋಹಾನ್ನೆಸ್ ಹೋಫರ್ ಎಂಬ ವೈದ್ಯವಿದ್ಯಾರ್ಥಿ ಗ್ರೀಕ್ ಭಾಷೆಯ ಎರಡು ಮಾತುಗಳನ್ನು ಬೆಸೆದ. ಒಂದಕ್ಕೆ ಮನೆಗೆ ಮರಳುವುದು ಎಂದು ಅರ್ಥ, ಇನ್ನೊಂದಕ್ಕೆ ನೋವು ಎಂದು ಅರ್ಥ. ಆಗ ಅದು ದೇಶದ ಹಂಬಲವಾಗಿತ್ತು. ಊರಿಗೆ ಮರಳಿದರೆ ವಾಸಿಯಾಗುವ ಕಾಯಿಲೆಯಾಗಿತ್ತು. ಕಾಲ ಕಳೆದಂತೆ ಅದು ಕಾಲದ ಹಂಬಲವಾಯಿತು. ಬಿಟ್ಟುಬಂದ ಊರಿಗೆ ಗಾಡಿ ಹತ್ತಬಹುದು. ಬಿಟ್ಟುಬಂದ ವರ್ಷಕ್ಕೆ ಯಾವ ಗಾಡಿಯೂ ಇಲ್ಲ. ಆದ್ದರಿಂದಲೇ ಈ ಎರಡನೆಯ ಬೇನೆಗೆ ಮದ್ದಿಲ್ಲ, ಅನುಪಾನವಷ್ಟೇ ಉಂಟು.

ಆ ಬೇನೆಯ ಒಂದು ನಿದರ್ಶನವನ್ನು ಇಲ್ಲಿ ವಿವರಿಸಬೇಕೆಂದಿದ್ದೇನೆ. ಬ್ರಿಟನ್ನಿನಲ್ಲಿ ಇಂದು ಅರುವತ್ತು ಎಪ್ಪತ್ತು ದಾಟಿದ ಜನರಲ್ಲಿ ಬಹುಮಂದಿಗೆ ತಮ್ಮ ಬಾಲ್ಯ ಯೌವನಗಳಲ್ಲಿ ದೂರದರ್ಶನದಲ್ಲಿ ಕಂಡ 'ವೆರೈಟಿ' ಕಾರ್ಯಕ್ರಮಗಳ ಬಗ್ಗೆ ತೀರದ ಮಮತೆಯಿದೆ. ಪ್ರತಿ ಕ್ರಿಸ್‌ಮಸ್ಸಿಗೆ ಅವು ಮರುಪ್ರಸಾರವಾಗುತ್ತವೆ. ಕಲಾವಿದರ ಪ್ರತಿಮೆಗಳು ಊರಿನಲ್ಲಿ ನಿಂತಿವೆ. ಪರದೇಶದವರ ಹಳಹಳಿಕೆಯಿಂದ ನಮಗೇನು ಎಂದು ಕೇಳಬಹುದು. ನಮ್ಮ ಹಂಬಲವನ್ನು ನಾವು ನೋಡುವಾಗ ಕಣ್ಣು ಒದ್ದೆಯಾಗಿರುತ್ತದೆ, ವಸ್ತು ಮಸುಕಾಗಿ ಕಾಣುತ್ತದೆ. ಪರರ ಹಂಬಲವನ್ನು ಒಣಗಣ್ಣಿನಿಂದ ನೋಡಬಹುದು. ಅದರ ಆಕಾರ ಆಗ ತಿಳಿಯಾಗಿ ಕಾಣುತ್ತದೆ.

'ವಿವಿಧ ವಿನೋದಾವಳಿ' ಎಂಬ ಮಾತು ನಮ್ಮ ಶಾಲಾ ಕಾಲೇಜುಗಳ ವಾರ್ಷಿಕೋತ್ಸವದ ಆಹ್ವಾನಪತ್ರಿಕೆಗಳಲ್ಲಿ ಬಹುಕಾಲದಿಂದ ಅಚ್ಚಾಗುತ್ತ ಬಂದಿದೆ. ಭಾಷಣ, ಬಹುಮಾನ ವಿತರಣೆ, ವಂದನಾರ್ಪಣೆ ಎಲ್ಲ ಮುಗಿದ ಮೇಲೆ ಒಂದು ಹಾಡು, ಒಂದು ಕುಣಿತ, ಒಂದು ಏಕಪಾತ್ರಾಭಿನಯ, ಒಂದು ಅಣಕು. ವೆರೈಟಿ ಎಂಬುದು ಸ್ವರೂಪದಲ್ಲಿ ಇದೇ. ಆದರೆ ಇಂಗ್ಲೆಂಡಿನಲ್ಲಿ ಅದು ವರ್ಷಕ್ಕೊಮ್ಮೆಯ ಹವ್ಯಾಸವಾಗಿರಲಿಲ್ಲ. ನೂರು ವರ್ಷ ನಡೆದ ಒಂದು ದೊಡ್ಡ ಉದ್ಯಮವಾಗಿತ್ತು. ಅದರ ಬೇರು ಪಾನಗೃಹಗಳಲ್ಲಿದೆ. 1852ರಲ್ಲಿ ಚಾರ್ಲ್ಸ್ ಮಾರ್ಟನ್ ಎಂಬ ಪಾನಗೃಹದ ಯಜಮಾನ ಲಂಡನ್ನಿನ ಲ್ಯಾಂಬೆತ್ ಪ್ರದೇಶದಲ್ಲಿ 'ಕ್ಯಾಂಟರ್ಬರಿ ಹಾಲ್' ಎಂಬ ಸಂಗೀತ ಮಂದಿರವನ್ನು ತೆರೆದ. ಜನ ಮೇಜುಗಳ ಮುಂದೆ ಕುಳಿತು ತಿಂದು ಕುಡಿಯುತ್ತ ಹಾಡು ಕೇಳುವರು; ಅಧ್ಯಕ್ಷನೆಂಬವನೊಬ್ಬ ಕೈಯಲ್ಲಿ ಮರದ ಸುತ್ತಿಗೆ ಹಿಡಿದು ಕಲಾವಿದರನ್ನು ಒಬ್ಬೊಬ್ಬರನ್ನಾಗಿ ಪರಿಚಯಿಸುವನು; ಹಾಡಿನ ಪಲ್ಲವಿ ಬಂದಾಗ ಸಭೆಯೆಲ್ಲ ದನಿಗೂಡಿಸುವುದು. ಇದೇ 'ಮ್ಯೂಸಿಕ್ ಹಾಲ್'. ಶತಮಾನದ ಕೊನೆಯ ವೇಳೆಗೆ ಮೇಜುಗಳು ಹೋಗಿ ಸಾಲು ಕುರ್ಚಿಗಳು ಬಂದವು. ಹೆಸರು 'ವೆರೈಟಿ' ಎಂದಾಯಿತು. ಹಾಡುಗಾರ, ಹಾಸ್ಯಗಾರ, ಇಂದ್ರಜಾಲದವನು, ಬೊಂಬೆಯ ಬಾಯಲ್ಲಿ ಮಾತಾಡಿಸುವವನು, ಕಸರತ್ತಿನವರು, ಎಲ್ಲರೂ ಒಂದೇ ಸಂಜೆಯ ಪಟ್ಟಿಯಲ್ಲಿರುತ್ತಿದ್ದರು. 'ಮಾಸ್ ಎಂಪೈರ್ಸ್' ಎಂಬಂಥ ಸಂಸ್ಥೆಗಳ ನಾಟ್ಯಗೃಹಗಳು ಊರೂರಿನಲ್ಲಿದ್ದವು. ಕಲಾವಿದ ವಾರಕ್ಕೊಂದು ಊರಿನಂತೆ ರೈಲಿನಲ್ಲಿ ತಿರುಗುತ್ತ ಅದೇ ಹತ್ತು ಹನ್ನೆರಡು ನಿಮಿಷದ ಆಟವನ್ನು ವರ್ಷಗಟ್ಟಲೆ ಆಡಿ ಬದುಕಬಹುದಾಗಿತ್ತು. ಈ ಹನ್ನೆರಡು ನಿಮಿಷದ ಲೆಕ್ಕವನ್ನು ನೆನಪಿನಲ್ಲಿಡಬೇಕು. ಮುಂದೆ ಅದೇ ದುರಂತದ ಲೆಕ್ಕವಾಗುತ್ತದೆ.

ಮೊದಮೊದಲು ಈ ಕಲೆಗೆ ಸಂಭಾವಿತ ಸಮಾಜದಲ್ಲಿ ಗೌರವವಿರಲಿಲ್ಲ. 1912ರಲ್ಲಿ ಐದನೆಯ ಜಾರ್ಜ್ ದೊರೆಯ ಎದುರು ಲಂಡನ್ನಿನ ಪ್ಯಾಲೇಸ್ ಥಿಯೇಟರಿನಲ್ಲಿ ವೆರೈಟಿ ಕಲಾವಿದರ ಪ್ರದರ್ಶನ ಏರ್ಪಟ್ಟಾಗ, ಜನರ ಕಣ್ಮಣಿಯಾಗಿದ್ದ ಮೇರಿ ಲಾಯ್ಡ್ ಎಂಬ ಗಾಯಕಿಯ ಹೆಸರನ್ನೇ ಪಟ್ಟಿಯಿಂದ ಬಿಟ್ಟರು. ಆಕೆಯ ಹಾಡಿನ ಮಾತಿನಲ್ಲಿ ದೋಷವಿರಲಿಲ್ಲ. ಹಾಡುವಾಗ ಆಕೆ ಕಣ್ಣು ಮಿಟುಕಿಸುವ ರೀತಿಯಲ್ಲಿ ಧ್ವನ್ಯರ್ಥ ಹೆಚ್ಚಾಗುತ್ತಿತ್ತು. ನಮ್ಮ ಆನಂದವರ್ಧನನ ಶಿಷ್ಯರಿಗೆ ಇದು ಬೇಗ ಅರ್ಥವಾಗುವ ಮಾತು. 1922ರ ಅಕ್ಟೋಬರಿನಲ್ಲಿ ಆಕೆ ತೀರಿಕೊಂಡಾಗ ಒಬ್ಬ ಕವಿ ಆಕೆಯ ಬಗ್ಗೆ ಶ್ರದ್ಧೆಯಿಂದ ಒಂದು ಲೇಖನ ಬರೆದ. ಅದೇ ತಿಂಗಳು 'ದಿ ವೇಸ್ಟ್ ಲ್ಯಾಂಡ್' ಎಂಬ ದುರ್ಗಮ ಕಾವ್ಯವನ್ನು ಪ್ರಕಟಿಸಿದ್ದ ಟಿ. ಎಸ್. ಎಲಿಯಟ್ಟನೇ ಆ ಕವಿ. ಪಂಡಿತರಿಗೂ ಕಠಿಣವಾದ ಕಾವ್ಯ ಬರೆದವನು ಪಾಮರರ ಗಾಯಕಿಗಾಗಿ ಕಂಬನಿ ಮಿಡಿದದ್ದು ಏಕೆ? ಆತನ ವಾದದ ತಿರುಳು ಇಷ್ಟು: ಮ್ಯೂಸಿಕ್ ಹಾಲಿಗೆ ಹೋಗಿ ಪಲ್ಲವಿಗೆ ದನಿಗೂಡಿಸುವ ಕಾರ್ಮಿಕ ಕೇವಲ ಪ್ರೇಕ್ಷಕನಲ್ಲ; ಆಟದ ಒಂದು ಭಾಗವನ್ನು ಅವನೂ ಆಡುತ್ತಿದ್ದಾನೆ. ಕಲಾವಿದನಿಗೂ ಪ್ರೇಕ್ಷಕನಿಗೂ ಇರುವ ಈ ಸಹಕಾರವೇ ಎಲ್ಲ ಕಲೆಗೂ ಜೀವ. ನಾಳೆ ಇದೇ ಕಾರ್ಮಿಕ ಸಿನಿಮಾ ಮಂದಿರದ ಕತ್ತಲಲ್ಲಿ ಕುಳಿತಾಗ ಏನನ್ನೂ ಕೊಡದೆ ಪಡೆಯುವುದನ್ನಷ್ಟೇ ಕಲಿಯುತ್ತಾನೆ.

ಎಲಿಯಟ್ಟನ ಈ ಆತಂಕವನ್ನು ನಮ್ಮ ಪರಂಪರೆಯ ಮಾತಿನಲ್ಲಿ ಹೇಳುವುದು ಸುಲಭ. ಭರತನ ನಾಟ್ಯಶಾಸ್ತ್ರದಲ್ಲಿ ಪ್ರಯೋಗದ 'ಸಿದ್ಧಿ'ಯನ್ನು ಕುರಿತ ಅಧ್ಯಾಯವೊಂದಿದೆ. ಸಿದ್ಧಿ ಎರಡು ಬಗೆ: ಮಾನುಷೀ, ದೈವೀ. ಪ್ರೇಕ್ಷಕರ ಮುಗುಳುನಗೆ, ಗಹಗಹಿಸುವ ನಗೆ, ಮೆಚ್ಚಿ ಆಡುವ ಉದ್ಗಾರ, ಇವೆಲ್ಲ ಮಾನುಷೀ ಸಿದ್ಧಿಯ ಲಕ್ಷಣಗಳು. ಸದ್ದಿಲ್ಲದೆ, ಕದಲದೆ, ತುಂಬಿದ ಸಭೆ ತನ್ಮಯವಾಗಿ ಕೂರುವುದು ದೈವೀ ಸಿದ್ಧಿ. ಅಂದರೆ ನಗೆಯೆಂಬುದು ನಾಟಕದ ಹೊರಗೆ ನಡೆಯುವ ಸಂಗತಿಯಲ್ಲ, ನಾಟಕವನ್ನು ಪೂರ್ಣಗೊಳಿಸುವ ಅಂಗ. ನಮ್ಮ ಕಂಪನಿ ನಾಟಕಗಳಲ್ಲಿ 'ಒನ್ಸ್ ಮೋರ್' ಎಂದು ಕೂಗಿ ಹಾಡನ್ನು ಮತ್ತೆ ಹಾಡಿಸುತ್ತಿದ್ದ ಪ್ರೇಕ್ಷಕರು ಈ ಹಕ್ಕನ್ನೇ ಚಲಾಯಿಸುತ್ತಿದ್ದರು. ಸಹೃದಯನೆಂಬ ಪದಕ್ಕೆ ನಾವು ಕಾವ್ಯಮೀಮಾಂಸೆಯ ತರಗತಿಯಲ್ಲಿ ಎಷ್ಟು ಗಂಭೀರವಾದ ಅರ್ಥ ಹೇಳಿದರೂ, ಅವನು ಗ್ಯಾಲರಿಯಲ್ಲಿ ಕುಳಿತು ಶಿಳ್ಳೆ ಹೊಡೆದಾಗಲೂ ಸಹೃದಯನೇ.

ಈ ಹಿನ್ನೆಲೆಯಲ್ಲಿ ದೂರದರ್ಶನದ ಪ್ರವೇಶವನ್ನು ನೋಡಬೇಕು. ಬಿಬಿಸಿಯ ದೂರದರ್ಶನ ಸೇವೆ 1936ರ ನವೆಂಬರ್ 2ರಂದು ಉತ್ತರ ಲಂಡನ್ನಿನ ಅಲೆಕ್ಸಾಂಡ್ರಾ ಪ್ಯಾಲೇಸಿನಿಂದ ಪ್ರಾರಂಭವಾಯಿತು. ಮೊದಲ ದಿನದ ಪ್ರಸಾರದಲ್ಲಿಯೇ ವೆರೈಟಿ ಇತ್ತು. 'ಬಕ್ ಅಂಡ್ ಬಬಲ್ಸ್' ಎಂಬ ಅಮೆರಿಕದ ಇಬ್ಬರು ಕಪ್ಪು ಕಲಾವಿದರು ಅಂದು ಹಾಡಿ ಕುಣಿದರು. ಈ ಸಂಗತಿಗೆ ಮುಂದೆ ಮರಳುತ್ತೇನೆ. 1939ರ ಸೆಪ್ಟೆಂಬರಿನಲ್ಲಿ ಯುದ್ಧದ ಕಾರಣ ನಿಂತ ಪ್ರಸಾರ 1946ರ ಜೂನಿನಲ್ಲಿ ಮತ್ತೆ ಆರಂಭವಾಯಿತು. 1953ರ ಜೂನಿನಲ್ಲಿ ಎರಡನೆಯ ಎಲಿಜಬೆತ್ ರಾಣಿಯ ಪಟ್ಟಾಭಿಷೇಕವನ್ನು ನೋಡಲು ಜನ ಪೆಟ್ಟಿಗೆಗಳನ್ನು ಕೊಂಡರು; ಪೆಟ್ಟಿಗೆಯಿಲ್ಲದವರು ನೆರೆಮನೆಯಲ್ಲಿ ನೆರೆದರು.

ಅದರ ಮರುತಿಂಗಳೇ ಆರಂಭವಾದ ಒಂದು ಕಾರ್ಯಕ್ರಮದ ಹೆಸರು ಗಮನಾರ್ಹ: 'ದಿ ಗುಡ್ ಓಲ್ಡ್ ಡೇಸ್', 'ಆ ಹಳೆಯ ಒಳ್ಳೆಯ ದಿನಗಳು'. ಲೀಡ್ಸ್ ನಗರದಲ್ಲಿ 1865ರಲ್ಲಿ ಕಟ್ಟಿದ 'ಸಿಟಿ ವೆರೈಟೀಸ್' ಎಂಬ ಪುಟ್ಟ ಮ್ಯೂಸಿಕ್ ಹಾಲೇ ಅದರ ವೇದಿಕೆ. ಬಾರ್ನಿ ಕೋಲೆಹಾನ್ ಅದರ ನಿರ್ಮಾಪಕ. ನೋಡಲು ಬರುವ ಪ್ರೇಕ್ಷಕರೇ ವಿಕ್ಟೋರಿಯಾ ರಾಣಿಯ ಕಾಲದ ಹಾಗೂ ಅದರ ಮುಂದಿನ ದೊರೆಯ ಕಾಲದ ಉಡುಗೆ ತೊಟ್ಟು, ಅಜ್ಜಂದಿರ ಗಲ್ಲಮೀಸೆ ಅಂಟಿಸಿಕೊಂಡು, ಅಜ್ಜಿಯರ ಗರಿಯ ಟೋಪಿ ಇಟ್ಟುಕೊಂಡು ಬರುತ್ತಿದ್ದರು. ಬಹುಕಾಲ ಅಧ್ಯಕ್ಷಸ್ಥಾನದಲ್ಲಿದ್ದ ಲೆನರ್ಡ್ ಸ್ಯಾಕ್ಸ್ ಕೈಯಲ್ಲಿ ಸುತ್ತಿಗೆ ಹಿಡಿದು, ಅನುಪ್ರಾಸ ತುಂಬಿದ, ಮಾರುದ್ದದ ಲ್ಯಾಟಿನ್ ಮೂಲದ ಪದಗಳಿಂದ ಕಲಾವಿದರನ್ನು ಪರಿಚಯಿಸುವನು. ಪ್ರತಿಯೊಂದು ಕಠಿಣ ಪದಕ್ಕೂ ಸಭೆ 'ಓಹೋ' ಎಂದು ಉದ್ಗರಿಸುವುದು. ನಮ್ಮಲ್ಲಿ ಯಾರಾದರೂ ಹಳಗನ್ನಡದ ದೀರ್ಘಸಮಾಸವೊಂದನ್ನು ಉಸಿರು ಬಿಡದೆ ಹೇಳಿದರೆ ತರಗತಿಯ ಹಿಂದಿನ ಬೆಂಚು ಹೇಗೆ ಉದ್ಗರಿಸುತ್ತದೆಯೋ ಹಾಗೆ. ಕೊನೆಗೆ ಎಲ್ಲರೂ ಎದ್ದು ಒಂದು ಹಳೆಯ ಪಾನಗೃಹದ ಹಾಡನ್ನು ಒಕ್ಕೊರಲಿನಿಂದ ಹಾಡುವರು. ಈ ಕಾರ್ಯಕ್ರಮ 1983ರವರೆಗೆ ಮೂವತ್ತು ವರ್ಷ ನಡೆಯಿತು.

ಇಲ್ಲಿ ಒಂದು ಸೂಕ್ಷ್ಮವಿದೆ. ಇಂದು ಹಿರಿಯರು ಹಂಬಲಿಸುವ ಈ ಕಾರ್ಯಕ್ರಮ ತಾನೇ ಒಂದು ಹಂಬಲವಾಗಿತ್ತು. 1953ರ ಜನ 1900ರ ಕಾಲಕ್ಕಾಗಿ ಹಳಹಳಿಸಿದರು. ಇಂದಿನ ಜನ 1953ಕ್ಕಾಗಿ ಹಳಹಳಿಸುತ್ತಾರೆ. ಕನ್ನಡಿಯ ಎದುರು ಕನ್ನಡಿ ಇಟ್ಟಂತೆ ಒಂದರೊಳಗೊಂದು ಕಾಣುತ್ತ ಹೋಗುತ್ತದೆ. ಬಹುಶಃ 1900ರ ಮುದುಕನೊಬ್ಬ ಕ್ಯಾಂಟರ್ಬರಿ ಹಾಲಿನ ಮೇಜುಗಳಿಗಾಗಿ ನಿಟ್ಟುಸಿರಿಟ್ಟಿರಬೇಕು. ಒಳ್ಳೆಯ ದಿನಗಳು ಯಾವಾಗಲೂ ನಾವು ಬರುವ ಮುನ್ನವೇ ಎದ್ದು ಹೋಗಿರುತ್ತವೆ.

1955ರ ಸೆಪ್ಟೆಂಬರ್ 22ರಂದು ಜಾಹೀರಾತಿನ ಆದಾಯದಿಂದ ನಡೆಯುವ ಐಟಿವಿ ಆರಂಭವಾಯಿತು. ಮೂರೇ ದಿನಗಳ ಮೇಲೆ, ಭಾನುವಾರ ರಾತ್ರಿ, 'ಸಂಡೇ ನೈಟ್ ಅಟ್ ದಿ ಲಂಡನ್ ಪಲೇಡಿಯಂ' ಮೊದಲ ಬಾರಿಗೆ ಪ್ರಸಾರವಾಯಿತು. ಪಲೇಡಿಯಂ ಎಂಬುದು 1910ರಲ್ಲಿ ಕಟ್ಟಿದ, ಸುಮಾರು 2,300 ಆಸನಗಳ ಭವ್ಯ ನಾಟ್ಯಗೃಹ. ಮೊದಲ ನಿರೂಪಕ ಟಾಮಿ ಟ್ರಿಂಡರ್. 1958ರಿಂದ ಬ್ರೂಸ್ ಫೋರ್ಸಿತ್. ಕೊನೆಯಲ್ಲಿ ಅಂದಿನ ಕಲಾವಿದರೆಲ್ಲ ತಿರುಗುವ ವೇದಿಕೆಯ ಮೇಲೆ ನಿಂತು ಕೈಬೀಸುತ್ತ ಸುತ್ತುವರು. ಆ ಒಂದು ದೃಶ್ಯ ಒಂದು ತಲೆಮಾರಿನ ಭಾನುವಾರದ ಮುದ್ರೆಯಾಯಿತು. 1961ರ ಕೊನೆಯಲ್ಲಿ ಕಲಾವಿದರ ಸಂಘ ಮುಷ್ಕರ ಹೂಡಿದಾಗ ಬೇರೆ ಯಾರೂ ಬರುವಂತಿರಲಿಲ್ಲ. ಫೋರ್ಸಿತ್ ಮತ್ತು ನಾರ್ಮನ್ ವಿಸ್ಡಮ್ ಇಬ್ಬರೇ ಇಡೀ ಕಾರ್ಯಕ್ರಮವನ್ನು ಹೊತ್ತು ನಡೆಸಿದರು. ಬರಿಯ ವೇದಿಕೆಯ ಮೇಲೆ ಇಬ್ಬರು ಮನುಷ್ಯರು ಇಡೀ ದೇಶವನ್ನು ನಗಿಸಿದ ಆ ರಾತ್ರಿಯನ್ನು ನೋಡಿದವರು ಮರೆಯಲಿಲ್ಲ. 1963ರ ಅಕ್ಟೋಬರ್ 13ರಂದು ಬೀಟಲ್ಸ್ ತಂಡ ಅದೇ ವೇದಿಕೆ ಏರಿದಾಗ ಸುಮಾರು ಒಂದೂವರೆ ಕೋಟಿ ಜನ ನೋಡಿದರು.

ಇದು ವೆರೈಟಿಯ ವೈಭವ. ಇದೇ ಅದರ ಅವಸಾನವೂ ಹೌದು. ಹನ್ನೆರಡು ನಿಮಿಷದ ಲೆಕ್ಕವನ್ನು ಈಗ ನೆನೆಯಬೇಕು. ಊರಿಂದೂರಿಗೆ ತಿರುಗುವಾಗ ಇಪ್ಪತ್ತು ವರ್ಷ ಬಾಳುತ್ತಿದ್ದ ಆಟವನ್ನು ದೂರದರ್ಶನ ಒಂದೇ ರಾತ್ರಿಯಲ್ಲಿ ಇಡೀ ದೇಶಕ್ಕೆ ಬಡಿಸಿಬಿಟ್ಟಿತು. ಮರುದಿನ ಬ್ರ್ಯಾಡ್‌ಫರ್ಡಿನಲ್ಲೋ ಗ್ಲಾಸ್ಗೋದಲ್ಲೋ ಅದೇ ಆಟವಾಡಲು ಹೋದರೆ ಜನ 'ಇದನ್ನು ನೋಡಿದ್ದೇವೆ' ಎನ್ನುವರು. ನೋಡುವವರಾದರೂ ಮನೆಯಲ್ಲಿ ಬೆಚ್ಚಗೆ ಕುಳಿತು ಬಿಟ್ಟಿಯಾಗಿ ಪಲೇಡಿಯಮ್ಮನ್ನೇ ನೋಡುವಾಗ ಮಳೆಯಲ್ಲಿ ನೆನೆದು ಊರಿನ ಹಳೆಯ ಮಂದಿರಕ್ಕೆ ಏಕೆ ಬರಬೇಕು? ವಿಪರ್ಯಾಸವೆಂದರೆ, ಪಲೇಡಿಯಮ್ಮಿನ ಆಟವನ್ನು ಪೆಟ್ಟಿಗೆಗೆ ತಂದ ವ್ಯಾಲ್ ಪಾರ್ನೆಲ್ ಆ ಊರೂರಿನ ಮಂದಿರಗಳ ಒಡೆತನವಿದ್ದ ಮಾಸ್ ಎಂಪೈರ್ಸ್ ಸಂಸ್ಥೆಯ ಮುಖ್ಯಸ್ಥನಾಗಿದ್ದವನು.

ಒಂದೇ ಕಟ್ಟಡದ ಜಾತಕ ನೋಡಿದರೆ ಇಡೀ ಕಥೆ ತಿಳಿಯುತ್ತದೆ. ಪೂರ್ವ ಲಂಡನ್ನಿನ 'ಹ್ಯಾಕ್ನಿ ಎಂಪೈರ್' 1901ರಲ್ಲಿ ಫ್ರಾಂಕ್ ಮ್ಯಾಚಮ್ ಎಂಬ ವಾಸ್ತುಶಿಲ್ಪಿಯ ವಿನ್ಯಾಸದಂತೆ ಎದ್ದು ನಿಂತಿತು. ಮೇರಿ ಲಾಯ್ಡ್ ಅಲ್ಲಿ ಹಾಡಿದ್ದಳು, ತರುಣ ಚಾಪ್ಲಿನ್ ಅಲ್ಲಿ ಆಡಿದ್ದ. 1950ರ ದಶಕದ ನಡುವೆ ಅದು ದೂರದರ್ಶನದ ಸ್ಟುಡಿಯೋ ಆಯಿತು. 1960ರ ದಶಕದಲ್ಲಿ ಬಿಂಗೋ ಎಂಬ ಅಂಕಿಯ ಜೂಜಾಟದ ಮನೆಯಾಯಿತು. 1986ರಲ್ಲಿ ಊರಿನ ಉತ್ಸಾಹಿಗಳ ಪ್ರಯತ್ನದಿಂದ ಮತ್ತೆ ನಾಟ್ಯಗೃಹವಾಯಿತು. ಅಷ್ಟು ಭಾಗ್ಯ ಎಲ್ಲ ಮಂದಿರಗಳಿಗೂ ಇರಲಿಲ್ಲ. ನೂರಾರು ಮಂದಿರಗಳು ನೆಲಸಮವಾದವು. ಸಾಹಿತ್ಯ ಇದನ್ನು ಕಾಣದೆ ಹೋಗಲಿಲ್ಲ. 1957ರಲ್ಲಿ ಜಾನ್ ಆಸ್ಬೋರ್ನ್ ಬರೆದ 'ದಿ ಎಂಟರ್‌ಟೈನರ್' ನಾಟಕದ ನಾಯಕ ಆರ್ಚಿ ರೈಸ್ ಕಳಪೆಯ ಹಾಸ್ಯಗಾರ. ಖಾಲಿಯಾಗುತ್ತಿರುವ ಮಂದಿರದಲ್ಲಿ ಸತ್ತ ಜೋಕುಗಳನ್ನು ಹೇಳುತ್ತಿರುತ್ತಾನೆ. ಅದು ಸೂಯೆಜ್ ಕಾಲುವೆಯ ಪ್ರಕರಣದಲ್ಲಿ ಬ್ರಿಟನ್ನಿನ ಮಾನ ಹೋದ 1956ರ ಹಿನ್ನೆಲೆಯ ನಾಟಕ. ಸಾಮ್ರಾಜ್ಯವೂ 'ಎಂಪೈರ್', ಮುಚ್ಚುತ್ತಿರುವ ಮಂದಿರವೂ 'ಎಂಪೈರ್'! ಲಾರೆನ್ಸ್ ಒಲಿವಿಯೆ ಆ ಪಾತ್ರವನ್ನು ವಹಿಸಿದ. 1965ರಲ್ಲಿ ಜೆ. ಬಿ. ಪ್ರೀಸ್ಟ್‌ಲಿ ತನ್ನ ವೆರೈಟಿ ಕಾದಂಬರಿಗೆ 'ಲಾಸ್ಟ್ ಎಂಪೈರ್ಸ್' ಎಂದೇ ಹೆಸರಿಟ್ಟ. ಕಳೆದುಹೋದದ್ದು ಯಾವ ಎಂಪೈರು ಎಂಬ ಶ್ಲೇಷೆಯನ್ನು ಓದುಗರಿಗೆ ಬಿಟ್ಟಿದ್ದಾನೆ.

ದೂರದರ್ಶನಕ್ಕೆ ತಕ್ಕಂತೆ ತಮ್ಮ ಕಲೆಯನ್ನು ಹೊಸದಾಗಿ ಎರಕ ಹೊಯ್ದವರೂ ಇದ್ದರು. ಅವರಲ್ಲಿ ಅಗ್ರಗಣ್ಯರು ಎರಿಕ್ ಮೋರ್‌ಕಂ ಮತ್ತು ಅರ್ನಿ ವೈಸ್. ಇಬ್ಬರೂ ಬಾಲಕರಾಗಿದ್ದಾಗಲೇ ವೇದಿಕೆ ಏರಿ 1941ರಲ್ಲಿ ಜೋಡಿಯಾದವರು. 1954ರಲ್ಲಿ ಬಿಬಿಸಿಯಲ್ಲಿ ಬಂದ ಅವರ ಮೊದಲ ಸರಣಿ ಹೀನಾಯವಾಗಿ ಸೋತಿತು. ಆ ಪೆಟ್ಟಿಗೆ ಈ ಜೋಡಿಯ ಶವಪೆಟ್ಟಿಗೆ ಎಂಬರ್ಥದ ವಿಮರ್ಶೆಯ ತುಣುಕನ್ನು ಎರಿಕ್ ಬಹುವರ್ಷ ಕಿಸೆಯಲ್ಲಿಟ್ಟುಕೊಂಡಿದ್ದನಂತೆ. 1968ರಲ್ಲಿ ಬಿಬಿಸಿಗೆ ಮರಳಿದ ಮೇಲೆ, ಎಡ್ಡಿ ಬ್ರೇಬೆನ್ ಎಂಬ ಬರೆಹಗಾರ ಅವರಿಗೆ ಜೋಕಿಗಿಂತ ಹೆಚ್ಚಿನದನ್ನು ಕೊಟ್ಟ, ಸಂಬಂಧವನ್ನು ಕೊಟ್ಟ. ಒಬ್ಬ ತನ್ನನ್ನು ಮಹಾನಾಟಕಕಾರನೆಂದು ಭ್ರಮಿಸಿದ ಅಹಂಕಾರಿ. ಇನ್ನೊಬ್ಬ ಅವನನ್ನು ಗೇಲಿ ಮಾಡುತ್ತಲೇ ಪರರ ಗೇಲಿಯಿಂದ ಕಾಯುವ ಗೆಳೆಯ. 1971ರ ಕ್ರಿಸ್‌ಮಸ್ಸಿನಲ್ಲಿ ಲಂಡನ್ ಸಿಂಫನಿ ಆರ್ಕೆಸ್ಟ್ರಾದ ನಿರ್ದೇಶಕ ಆಂದ್ರೆ ಪ್ರೆವಿನ್ ಅವರ ಅತಿಥಿ. ಎರಿಕ್ ಗ್ರೀಗನ ಪಿಯಾನೋ ಕೃತಿಯನ್ನು ಅಡ್ಡಾದಿಡ್ಡಿಯಾಗಿ ನುಡಿಸುತ್ತಾನೆ. ಪ್ರೆವಿನ್ ತಪ್ಪೆಂದಾಗ ಅವನ ಕೋಟಿನ ಕಾಲರು ಹಿಡಿದು, ಸ್ವರಗಳೇನೋ ಸರಿಯಾದವೇ, ಸರದಿ ಮಾತ್ರ ಬೇರೆ ಇರಬಹುದು ಎಂದು ಸಮರ್ಥಿಸಿಕೊಳ್ಳುತ್ತಾನೆ. ಆ ಕಾರ್ಯಕ್ರಮದಲ್ಲಿ ಅವನ ಹೆಸರನ್ನು 'ಪ್ರಿವ್ಯೂ' ಎಂದು ತಿರುಚಿದ್ದರು. ಲಂಡನ್ನಿನ ಟ್ಯಾಕ್ಸಿಯವರು ಆ ದೊಡ್ಡ ಸಂಗೀತಗಾರನನ್ನು ಮುಂದೆ ಬಹುಕಾಲ ಹಾಗೆಯೇ ಕರೆಯುತ್ತಿದ್ದರು. 1976ರಲ್ಲಿ ಗಂಭೀರವದನೆಯಾದ ವಾರ್ತಾವಾಚಕಿ ಆ್ಯಂಜೆಲಾ ರಿಪ್ಪನ್ ಮೇಜಿನ ಹಿಂದಿನಿಂದ ಎದ್ದುಬಂದು ಕುಣಿದರು. ವಾರ್ತೆ ಓದುವವರಿಗೆ ಕಾಲುಗಳೂ ಇರುತ್ತವೆ ಎಂಬುದು ಅಂದು ರಾಷ್ಟ್ರಕ್ಕೆ ತಿಳಿಯಿತು.

1977ರ ಕ್ರಿಸ್‌ಮಸ್ ರಾತ್ರಿ ಈ ಜೋಡಿಯ ಕಾರ್ಯಕ್ರಮವನ್ನು ನೋಡಿದವರ ಸಂಖ್ಯೆ 2 ಕೋಟಿ 80 ಲಕ್ಷಕ್ಕೂ ಹೆಚ್ಚು ಎಂಬುದು ಜನಜನಿತವಾದ ಮಾತು. ಇನ್ನೊಂದು ಲೆಕ್ಕದ ಪ್ರಕಾರ ಅದು 2 ಕೋಟಿ 10 ಲಕ್ಷದ ಆಸುಪಾಸು. ನೆನಪು ದೊಡ್ಡ ಸಂಖ್ಯೆಯನ್ನೇ ಆರಿಸಿಕೊಂಡಿದೆ. ಅದು ನೆನಪಿನ ಸ್ವಭಾವ. ಸಣ್ಣ ಸಂಖ್ಯೆಯನ್ನೇ ಒಪ್ಪಿದರೂ ಸುಮಾರು 5 ಕೋಟಿ 60 ಲಕ್ಷ ಜನಸಂಖ್ಯೆಯ ದೇಶದಲ್ಲಿ ಮೂರರಲ್ಲಿ ಒಬ್ಬರಿಗಿಂತ ಹೆಚ್ಚು ಜನ ಒಂದೇ ಕ್ಷಣದಲ್ಲಿ ಒಂದೇ ಮಾತಿಗೆ ನಕ್ಕರು. ಇದಕ್ಕೆ ಕಲಾವಿದರ ಪ್ರತಿಭೆಯೊಂದೇ ಕಾರಣವಲ್ಲ. ಅಂದು ಇದ್ದವು ಮೂರೇ ವಾಹಿನಿಗಳು, ಮನೆಗೊಂದೇ ಪೆಟ್ಟಿಗೆ. ಅಜ್ಜಿಯೂ ಮೊಮ್ಮಗನೂ ಬೇರೆ ಬೇರೆ ಆಯ್ಕೆ ಮಾಡುವಂತಿರಲಿಲ್ಲ. ಆಯ್ಕೆಯ ಕೊರತೆ ಎಂದು ನಾವು ಇಂದು ಯಾವುದನ್ನು ಕರೆಯುತ್ತೇವೆಯೋ ಅದನ್ನೇ ಅವರು ಇಂದು ಒಗ್ಗಟ್ಟು ಎಂದು ನೆನೆಯುತ್ತಾರೆ.

ಎಲಿಯಟ್ಟನ ಭವಿಷ್ಯ ಸುಳ್ಳಾಯಿತೇ? ಅರ್ಧ ಸುಳ್ಳಾಯಿತು ಎನ್ನಬೇಕು. ಪಲ್ಲವಿಗೆ ದನಿಗೂಡಿಸುವ ಕೆಲಸ ಮನೆಯ ಕೋಣೆಯಲ್ಲಿ ನಿಂತಿತು ನಿಜ. ಆದರೆ ಮರುದಿನ ಕಾರ್ಖಾನೆಯಲ್ಲಿ, ಬಸ್ಸಿನಲ್ಲಿ, ಶಾಲೆಯ ಅಂಗಳದಲ್ಲಿ ಜನ ಅದೇ ಮಾತುಗಳನ್ನು ಪರಸ್ಪರ ಆಡಿಕೊಂಡು ನಕ್ಕರು. ಪಲ್ಲವಿ ಹನ್ನೆರಡು ಗಂಟೆ ತಡವಾಗಿ ಕೇಳಿಸಿತು, ಅಷ್ಟೆ. ಇಂದು ಹಿರಿಯರು ಹಳಹಳಿಸುವುದು ಆ ಪಲ್ಲವಿಗಾಗಿ ಎಂಬುದು ನನ್ನ ಅಭಿಪ್ರಾಯ. ಎರಿಕ್ ಮತ್ತು ಅರ್ನಿ ಮರುಪ್ರಸಾರದಲ್ಲಿ ಮತ್ತೆ ಮತ್ತೆ ಬರುತ್ತಾರೆ. ಮರುದಿನ ಬೆಳಿಗ್ಗೆ ಅದರ ಬಗ್ಗೆ ಮಾತನಾಡಲು ಬಸ್ಸಿನಲ್ಲಿ ಯಾರೂ ಇರುವುದಿಲ್ಲ.

ಇಲ್ಲಿಗೆ ನಿಲ್ಲಿಸಿದ್ದರೆ ಈ ಮಾತು ಮಧುರವಾಗಿಯೇ ಇರುತ್ತಿತ್ತು. ಆದರೆ 'ನಾವೆಲ್ಲ ಕೂಡಿ ನಕ್ಕೆವು' ಎಂಬ ಮಾತಿನಲ್ಲಿರುವ 'ನಾವು' ಯಾರು ಎಂದು ಕೇಳದೆ ಬಿಡುವಂತಿಲ್ಲ. ಬಿಬಿಸಿಯಲ್ಲಿ 1958ರಿಂದ 1978ರವರೆಗೆ 'ದಿ ಬ್ಲ್ಯಾಕ್ ಅಂಡ್ ವೈಟ್ ಮಿನ್‌ಸ್ಟ್ರೆಲ್ ಷೋ' ಎಂಬ ವೆರೈಟಿ ನಡೆಯಿತು. ಬಿಳಿಯ ಗಾಯಕರು ಮುಖಕ್ಕೆ ಕರಿಬಣ್ಣ ಬಳಿದು, ಕಣ್ಣು ತುಟಿಗಳನ್ನು ಬಿಳಿಬಣ್ಣದಿಂದ ಹಿಗ್ಗಿಸಿ, ಅಮೆರಿಕದ ದಕ್ಷಿಣ ಪ್ರಾಂತದ ಹಾಡುಗಳನ್ನು ಹಾಡುವುದೇ ಅದರ ಬಂಡವಾಳ. ಕೋಟಿಗೂ ಮಿಕ್ಕು ಜನ ನೋಡಿದರು. 1961ರಲ್ಲಿ ಮಾಂಟ್ರೋ ಉತ್ಸವದ ಸ್ವರ್ಣ ಗುಲಾಬಿ ಪ್ರಶಸ್ತಿ ಬಂತು. ಬಿಬಿಸಿಯ ಮೊದಲ ದಿನವೇ ನಿಜವಾದ ಕಪ್ಪು ಕಲಾವಿದರಿಬ್ಬರು ಕುಣಿದಿದ್ದರೆಂದು ಆಗಲೇ ಹೇಳಿದೆನಷ್ಟೆ. ಇಪ್ಪತ್ತೆರಡು ವರ್ಷಗಳ ಮೇಲೆ ಅದೇ ಸಂಸ್ಥೆ ಬಣ್ಣದ ಕಪ್ಪಿನಲ್ಲಿ ತೃಪ್ತಿ ಕಂಡಿತು. ವೆಸ್ಟ್ ಇಂಡೀಸಿನಿಂದ, ಭಾರತ ಪಾಕಿಸ್ತಾನಗಳಿಂದ ದುಡಿಯಲು ಬಂದ ಜನ ಬ್ರಿಟನ್ನಿನಲ್ಲಿ ನೆಲೆಸುತ್ತಿದ್ದ ಕಾಲ ಅದು. 1967ರಲ್ಲಿ ವರ್ಣಭೇದದ ವಿರುದ್ಧ ಹೋರಾಡುತ್ತಿದ್ದ ಸಂಘಟನೆಯೊಂದು ಇದನ್ನು ನಿಲ್ಲಿಸಬೇಕೆಂದು ಮನವಿ ಸಲ್ಲಿಸಿತು. ಕಾರ್ಯಕ್ರಮ ಮತ್ತೆ ಹನ್ನೊಂದು ವರ್ಷ ನಡೆಯಿತು. ಮುಂದೆ ಪ್ರಖ್ಯಾತ ಹಾಸ್ಯಗಾರನಾದ, ಜಮೈಕಾ ಮೂಲದ ಲೆನಿ ಹೆನ್ರಿ ಹರೆಯದಲ್ಲಿ ಅದರ ರಂಗಪ್ರದರ್ಶನಗಳಲ್ಲಿ ದುಡಿದು, ಆ ನೋವನ್ನು ಆಮೇಲೆ ಹೇಳಿಕೊಂಡಿದ್ದಾನೆ.

ಭಾರತಕ್ಕೂ ಈ ಕಥೆಯಲ್ಲಿ ಒಂದು ಪಾತ್ರವುಂಟು. ನಾಸಿಕದ ಬಳಿಯ ದೇವಲಾಲಿ ಬ್ರಿಟಿಷ್ ಸೈನಿಕರ ದೊಡ್ಡ ಶಿಬಿರವಾಗಿತ್ತು. ಹಡಗಿಗಾಗಿ ಅಲ್ಲಿ ಕಾಯುತ್ತ ಕಾಯುತ್ತ ಸೈನಿಕರ ತಲೆ ಕೆಡುತ್ತಿತ್ತೆಂದು, ಬುದ್ಧಿ ಕೆಟ್ಟವನಿಗೆ ಇಂಗ್ಲಿಷಿನಲ್ಲಿ 'ಡೂಲ್ಯಾಲಿ' ಎಂಬ ಪದವೇ ಹುಟ್ಟಿತು. ಎರಡನೆಯ ಮಹಾಯುದ್ಧದ ಕಾಲದಲ್ಲಿ ಅಲ್ಲಿನ ಸೈನಿಕರ ವಿನೋದ ತಂಡದಲ್ಲಿದ್ದ ಜಿಮ್ಮಿ ಪೆರಿ, ಡೇವಿಡ್ ಕ್ರಾಫ್ಟ್ ಜೊತೆಗೂಡಿ ಆ ಅನುಭವವನ್ನು 'ಇಟ್ ಏಂಟ್ ಹಾಫ್ ಹಾಟ್ ಮಮ್' ಎಂಬ ಹಾಸ್ಯ ಸರಣಿಯಾಗಿಸಿದ. 1974ರಿಂದ 1981ರವರೆಗೆ ಅದು ಪ್ರಸಾರವಾಯಿತು. ವೆರೈಟಿಯ ಬಗೆಗೂ ಸಾಮ್ರಾಜ್ಯದ ಬಗೆಗೂ ಏಕಕಾಲದ ಹಳಹಳಿಕೆ ಅದು. ಅದರಲ್ಲಿ ರಂಗಿ ರಾಮ್ ಎಂಬ ಭಾರತೀಯ ಆಳಿನ ಪಾತ್ರವನ್ನು, ಝಾನ್ಸಿಯಲ್ಲಿ ಹುಟ್ಟಿದ ಆಂಗ್ಲ ನಟ ಮೈಕೆಲ್ ಬೇಟ್ಸ್ ಮುಖಕ್ಕೆ ಕಂದುಬಣ್ಣ ಬಳಿದು ಆಡಿದ. ಬಿಬಿಸಿ ಬಹುಕಾಲದಿಂದ ಅದನ್ನು ಮರುಪ್ರಸಾರದಿಂದ ದೂರವಿಟ್ಟಿದೆ. 'ಎಲ್ಲರೂ' ನಕ್ಕ ಆ ದಿನಗಳಲ್ಲಿ ಕೆಲವರು ನಗೆಯ ಪಾಲುದಾರರಾಗಿರಲಿಲ್ಲ, ನಗೆಯ ಸರಕಾಗಿದ್ದರು. ಹಾಸ್ಯರಸಕ್ಕೂ ಅಪಹಾಸ್ಯಕ್ಕೂ ಇರುವ ಅಂತರ ಅಲಂಕಾರಶಾಸ್ತ್ರದ ಪುಟದಲ್ಲಿ ಕೂದಲೆಳೆಯಷ್ಟು. ನೆರೆಮನೆಯವನ ಮುಖದ ಮೇಲೆ ಅದು ಗಾಯದಷ್ಟು.

ನೆನಪು ಹೀಗೆ ತನಗೆ ಬೇಡವಾದುದನ್ನು ಅಳಿಸುತ್ತದೆ. ಈ ವಿಷಯದಲ್ಲಿ ಸಂಸ್ಥೆಗಳು ನೆನಪನ್ನೂ ಮೀರಿಸಿದವು. ಆರಂಭದ ಕಾರ್ಯಕ್ರಮಗಳಲ್ಲಿ ಬಹುಪಾಲು ನೇರಪ್ರಸಾರ. ಹಾರಿಹೋದ ಮಾತಿನಂತೆ ಅವು ಹೋದವು. 1950ರ ದಶಕದ ಕೊನೆಗೆ ವಿಡಿಯೋ ಟೇಪು ಬಂದರೂ ಅದು ದುಬಾರಿ. ಹಳೆಯದನ್ನು ಅಳಿಸಿ ಅದೇ ಟೇಪಿನ ಮೇಲೆ ಹೊಸದನ್ನು ಮುದ್ರಿಸುವುದು 1970ರ ದಶಕದ ಕೊನೆಯವರೆಗೂ ಬಿಬಿಸಿಯಲ್ಲಿ ವಾಡಿಕೆಯಾಗಿತ್ತು. ತಾಳೆಗರಿಯ ಮೇಲಿನ ಹಳೆಯ ಬರೆಹವನ್ನು ಹೆರೆದು ಹೊಸದನ್ನು ಬರೆದರೆ ಹೇಗೋ ಹಾಗೆ. ಪಲೇಡಿಯಂ ಸರಣಿಯ ಬಹುಭಾಗ ಇಂದು ಉಳಿದಿಲ್ಲ. ಕಳೆದ ಗ್ರಂಥಗಳಿಗಾಗಿ ನಮ್ಮ ಸಂಶೋಧಕರು ಮಠಗಳ ಅಟ್ಟ ಹತ್ತಿದಂತೆ ಅಲ್ಲಿಯೂ ಹುಡುಕಾಟ ನಡೆದಿದೆ. ಬ್ರಿಟಿಷ್ ಫಿಲ್ಮ್ ಇನ್‌ಸ್ಟಿಟ್ಯೂಟ್ 1993ರಿಂದ ಕಳೆದು ಸಿಕ್ಕಿದ ಕಾರ್ಯಕ್ರಮಗಳ ಪ್ರದರ್ಶನ ನಡೆಸುತ್ತ ಬಂದಿದೆ. 2003ರಲ್ಲಿ ತೀರಿಕೊಂಡ ಹಾಸ್ಯಗಾರ ಬಾಬ್ ಮಂಕ್‌ಹೌಸ್ ಮನೆಯಲ್ಲಿ ಕೂಡಿಟ್ಟಿದ್ದ ಅಪಾರ ಟೇಪುಗಳಲ್ಲಿ ನಷ್ಟವಾದವೆಂದು ಬಗೆದಿದ್ದ ಹಲವು ಸಿಕ್ಕವು. ಮೋರ್‌ಕಂ ಮತ್ತು ವೈಸ್ ಜೋಡಿಯ 1970ರ ಒಂದು ಕಾರ್ಯಕ್ರಮ ಎರಿಕ್‌ನ ಮನೆಯ ಅಟ್ಟದಲ್ಲಿ ಸಿಕ್ಕಿ, ಬಣ್ಣ ತುಂಬಿಸಿಕೊಂಡು 2021ರ ಕ್ರಿಸ್‌ಮಸ್ಸಿಗೆ ಪ್ರಸಾರವಾಯಿತು.

ಆ ಯುಗ ಮುಗಿದದ್ದು 1980ರ ದಶಕದ ಆರಂಭದಲ್ಲಿ. 1979ರಲ್ಲಿ ಲಂಡನ್ನಿನ ಸೋಹೊದಲ್ಲಿ ತೆರೆದ 'ಕಾಮಿಡಿ ಸ್ಟೋರ್'ನಿಂದ ಬಂದ ತರುಣರು ಜನಾಂಗವನ್ನೂ ಹೆಣ್ಣನ್ನೂ ಹಳಿಯುವ ಜೋಕುಗಳನ್ನು ಬಹಿರಂಗವಾಗಿ ತಿರಸ್ಕರಿಸಿದರು. 1982ರಲ್ಲಿ ನಾಲ್ಕನೆಯ ವಾಹಿನಿ, 1989ರಲ್ಲಿ ಉಪಗ್ರಹ ವಾಹಿನಿಗಳು ಬಂದವು, ಸಭೆ ಚದುರಿತು. 1984ರ ಏಪ್ರಿಲ್ 15ರಂದು, ಕೈಕೊಡುವ ಇಂದ್ರಜಾಲವೇ ತನ್ನ ಆಟವಾಗಿದ್ದ ಟಾಮಿ ಕೂಪರ್ ಲಂಡನ್ನಿನ ಹರ್ ಮೆಜೆಸ್ಟೀಸ್ ಥಿಯೇಟರಿನಿಂದ ನೇರಪ್ರಸಾರವಾಗುತ್ತಿದ್ದ ವೆರೈಟಿಯಲ್ಲಿ ಹೃದಯಾಘಾತವಾಗಿ ಪರದೆಗೆ ಒರಗಿ ಕುಸಿದ. ಅದೂ ಆಟವೆಂದು ತಿಳಿದು ಸಭೆ ನಕ್ಕಿತು. ಮುಂದಿನ ತಿಂಗಳೇ ಒಂದು ಪ್ರದರ್ಶನ ಮುಗಿಸಿ ಬರುತ್ತ ಎರಿಕ್ ಮೋರ್‌ಕಂ ಕುಸಿದು, ಮೇ 28ರಂದು ತೀರಿಕೊಂಡ. ಹಳೆಯ ಕಲೆ ಸಂಪೂರ್ಣ ಸತ್ತಿತೆನ್ನುವಂತಿಲ್ಲ. 2007ರಲ್ಲಿ ಆರಂಭವಾದ 'ಬ್ರಿಟನ್ಸ್ ಗಾಟ್ ಟ್ಯಾಲೆಂಟ್' ಹಳೆಯ ವಿನೋದಾವಳಿಯೇ; ತೀರ್ಪುಗಾರರ ಪೀಠವೊಂದು ಹೊಸದಾಗಿ ಸೇರಿದೆ. ಬ್ರೂಸ್ ಫೋರ್ಸಿತ್ ಎಂಬತ್ತು ದಾಟಿದ ಮೇಲೂ ಶನಿವಾರ ರಾತ್ರಿಗಳಲ್ಲಿ ನೃತ್ಯಸ್ಪರ್ಧೆಯನ್ನು ನಿರೂಪಿಸಿ 2017ರಲ್ಲಿ ತೀರಿಕೊಂಡ. ಅವನ ಚಿತಾಭಸ್ಮ ಪಲೇಡಿಯಂ ವೇದಿಕೆಯ ಕೆಳಗೆ ಇದೆ.

ಹಳಹಳಿಕೆಯಲ್ಲಿ ಮೂರು ಎಳೆಗಳು ಹೆಣೆದುಕೊಂಡಿರುತ್ತವೆ. ಒಂದು, ಕಲಾವಿದರ ನೆನಪು; ಟೇಪು ಉಳಿದಿದ್ದರೆ ಅವರನ್ನು ಮತ್ತೆ ಕಾಣಬಹುದು. ಎರಡು, ನಮ್ಮದೇ ಯೌವನದ ನೆನಪು. ಅದು ಯಾವ ಅಟ್ಟದಲ್ಲಿಯೂ ಸಿಕ್ಕುವುದಿಲ್ಲ. ಮೂರು, ಪಕ್ಕದಲ್ಲಿ ಕುಳಿತು ನಕ್ಕವರ ನೆನಪು. ಈ ಮೂರನೆಯದನ್ನು ಕಳೆದುಕೊಂಡೆವೆಂದು ಅಳುವುದಕ್ಕಿಂತ ಹೊಸದಾಗಿ ಕಟ್ಟಿಕೊಳ್ಳುವುದು ಸಾಧ್ಯ. ಕಟ್ಟುವಾಗ ಹಿಂದೆ ಹೊರಗೆ ನಿಂತವರಿಗೂ ಒಳಗೆ ಒಂದು ಕುರ್ಚಿ ಹಾಕುವುದು ಸಾಧ್ಯ. ಲೀಡ್ಸಿನ ಆ ಪ್ರೇಕ್ಷಕರಿಂದ ಕಲಿಯಬೇಕಾದ ವಿವೇಕ ಒಂದಿದೆ. ಅವರು ಅಜ್ಜಂದಿರ ಉಡುಗೆ ತೊಟ್ಟು ಬಂದು, ಮನಸಾರೆ ಹಾಡಿ ನಕ್ಕು, ಆಟ ಮುಗಿದ ಮೇಲೆ ಆ ಉಡುಗೆ ಕಳಚಿಟ್ಟು ತಮ್ಮ ಕಾಲಕ್ಕೆ ಮರಳುತ್ತಿದ್ದರು. ವೇಷವೆಂದು ತಿಳಿದು ತೊಟ್ಟ ಹಳೆಯ ಕಾಲ ಮನಸ್ಸಿಗೆ ಹಿತ ಕೊಡುತ್ತದೆ. ಕಳಚಲು ಮರೆತರೆ ಬಣ್ಣ ಮುಖಕ್ಕೇ ಅಂಟುತ್ತದೆ.